ಹೊರನಾಡಿನ ನೆರವು ಮತ್ತು ಶಾಸಕರ ಹೊಣೆ

(ನವುಲೆಯಲ್ಲಿ ಕಾರ್ಖಾನೆಯ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಕೊಟ್ಟದ್ದನ್ನು ಅಳೆದು ನೋಡುವವನು ಕೃತಘ್ನ ಎಂಬುದು ಅದರ ಭಾವ. ಈ ಹೊತ್ತು ನಾವು ಆ ಗಾದೆಯನ್ನು ತುಸು ತಿರುವಿ ಹಾಕಬೇಕೆಂದಿದ್ದೇವೆ. ದೇಶ ದೇಶಗಳ ನಡುವೆ ನಡೆಯುವ ದಾನದಲ್ಲಿ ಕೊಡುವವನು ಮೊದಲೇ ಮೊಳ ಹಾಕಿರುತ್ತಾನೆ. ಹಿತ್ತಲಲ್ಲಿ ಅಲ್ಲ, ತನ್ನ ಶಾಸನಸಭೆಯಲ್ಲಿ, ಎಲ್ಲರೆದುರಿಗೆ. ಹಾಗಿರುವಾಗ ಪಡೆಯುವವರು ಮೊಳ ಹಾಕಿದರೆ ತಪ್ಪೇನು? ಹಾಕದಿದ್ದರೇ ತಪ್ಪು ಎಂಬುದೇ ನಮ್ಮ ಇಂದಿನ ಮಾತಿನ ಸಾರ.

ಭದ್ರಾವತಿಯ ಕುಲುಮೆಯ ಮುಂದೆ ನಿಲ್ಲುವವನಿಗೂ ಗಾಂಧಿ ಬಜಾರಿನಲ್ಲಿ ತಕ್ಕಡಿ ಹಿಡಿಯುವವನಿಗೂ ಪರದೇಶದ ಧನಸಹಾಯಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳುವವರಿದ್ದಾರೆ. ನಂಟು ಬಹಳ ಹತ್ತಿರದ್ದೇ ಇದೆ. ಈ ನವುಲೆಯ ಕೃಷಿ ಕಾಲೇಜು, ನಮ್ಮ ಮನೆಯ ದೀಪ ಉರಿಸುವ ಶರಾವತಿಯ ವಿದ್ಯುತ್ತು, ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಶಾಲೆಯ ಜಗಲಿಯ ಮೇಲೆ ಕುಳಿತು ತಿಂದ ಉಪ್ಪಿಟ್ಟು, ಈ ಮೂರರ ಹಿಂದೆಯೂ ಏಳು ಸಮುದ್ರದಾಚೆಯ ಒಂದು ಶಾಸನಸಭೆಯ ಚರ್ಚೆ, ತಿದ್ದುಪಡಿ, ಮತಗಣನೆ ಇವೆ.

ಆ ಸಭೆಯ ಹೆಸರು ಕಾಂಗ್ರೆಸ್ಸು. ನಮ್ಮ ಕಾಂಗ್ರೆಸ್ಸಲ್ಲ, ಅಮೆರಿಕದ್ದು. ಅಲ್ಲಿನ ಅಧ್ಯಕ್ಷ ಎಷ್ಟೇ ಬಲಶಾಲಿಯಾದರೂ ಬೊಕ್ಕಸದ ಬೀಗದ ಕೈ ಆ ಸಭೆಯ ಸೊಂಟದಲ್ಲಿದೆ. ಹೊರನಾಡಿಗೆ ಇಂಥ ಕೆಲಸಕ್ಕೆ ಹಣ ಕೊಡಬಹುದೆಂದು ಮೊದಲು ಒಂದು ಕಾನೂನು. ಈ ವರ್ಷ ಇಷ್ಟು ಕೊಡಿ ಎಂದು ಆಮೇಲೆ ಇನ್ನೊಂದು ಕಾನೂನು. ಎರಡೂ ಆಗದೆ ಒಂದು ಡಾಲರೂ ಹೊರಡಕೂಡದು. ಅಲ್ಲಿನ ಕೇಂದ್ರ ಸರ್ಕಾರದ ಒಟ್ಟು ಖರ್ಚಿನಲ್ಲಿ ಈ ನೆರವು ಎಷ್ಟೋ ವರ್ಷ ನೂರಕ್ಕೆ ಸುಮಾರು ಒಂದರಷ್ಟು ಮಾತ್ರವಿತ್ತು. ಆದರೆ ಆ ಒಂದು ಪಾಲಿನ ಮೇಲೆ ನಡೆದಷ್ಟು ಜಗ್ಗಾಟ ಉಳಿದ ತೊಂಬತ್ತೊಂಬತ್ತರ ಮೇಲೆ ನಡೆಯಿತೋ ಇಲ್ಲವೋ! ಆ ಜಗ್ಗಾಟದಲ್ಲಿ ನಮ್ಮ ದೇಶದ ಹೆಸರು ಎಷ್ಟು ಸಲ ಬಂದಿತೆಂಬುದನ್ನು ನಾಲ್ಕಾರು ಉದಾಹರಣೆಗಳಿಂದ ನೋಡೋಣ.

ಹಸಿವಿನ ಮೇಲೆ ನಾಲ್ಕು ತಿಂಗಳ ಚರ್ಚೆ

1950ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಸರ್ಕಾರ ಅಮೆರಿಕವನ್ನು 20 ಲಕ್ಷ ಟನ್ ಧಾನ್ಯ ಕೇಳಿತು. ಅಧ್ಯಕ್ಷ ಟ್ರೂಮನ್ 1951ರ ಫೆಬ್ರುವರಿ 12ರಂದು ಕೊಡೋಣವೆಂದು ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದರು. ಕಾನೂನಿಗೆ ಸಹಿ ಬಿದ್ದುದು ಜೂನ್ 15ರಂದು. ನಡುವಿನ ನಾಲ್ಕು ತಿಂಗಳು ಏನು ನಡೆಯಿತು? ಕೊರಿಯಾ ಯುದ್ಧದಲ್ಲಿ ಭಾರತ ನಮ್ಮ ಕಡೆ ನಿಲ್ಲಲಿಲ್ಲವಲ್ಲ ಎಂದು ಕೆಲವರು ಮುನಿದರು. ಧಾನ್ಯಕ್ಕೆ ಬದಲಾಗಿ ಭಾರತದ ಅಪರೂಪದ ಖನಿಜಗಳು ಬರಲಿ ಎಂದು ಕೆಲವರು ಹಟ ಹಿಡಿದರು. ಅಣುಶಕ್ತಿಗೆ ಬೇಕಾಗುವ ಮಾನಜೈಟ್ ಮರಳಿನ ಮೇಲೆ ಅವರ ಕಣ್ಣು. ನೆಹರೂ ಆ ಷರತ್ತಿಗೆ ಒಪ್ಪಲಿಲ್ಲ. ಅಷ್ಟರಲ್ಲಿ ಚೀನ ಮತ್ತು ಸೋವಿಯತ್ ದೇಶಗಳಿಂದ ಧಾನ್ಯ ಕೊಳ್ಳುವ ಏರ್ಪಾಟಾಯಿತು. ಕೊನೆಗೆ ಅಮೆರಿಕ 19 ಕೋಟಿ ಡಾಲರನ್ನು ದಾನವಾಗಿ ಅಲ್ಲ, ಸಾಲವಾಗಿ ಕೊಟ್ಟಿತು.

ಇದನ್ನು ಹೇಳುವುದು ದೂಷಿಸುವುದಕ್ಕಲ್ಲ. ಅದೇ ಕಾನೂನಿನಲ್ಲಿ ಆ ಶಾಸಕರು ಮತ್ತೊಂದು ಮಾತನ್ನೂ ಸೇರಿಸಿದರು. ಸಾಲದ ಬಡ್ಡಿಯಿಂದ 50 ಲಕ್ಷ ಡಾಲರನ್ನು ಎರಡು ದೇಶಗಳ ಶಿಕ್ಷಕರ, ವಿದ್ಯಾರ್ಥಿಗಳ, ಪುಸ್ತಕಗಳ ವಿನಿಮಯಕ್ಕೆ ಬಳಸಬೇಕೆಂದರು. ಒಂದೇ ಸಭೆ, ಒಬ್ಬ ಸದಸ್ಯ ಖನಿಜ ಕೇಳುತ್ತಾನೆ, ಇನ್ನೊಬ್ಬ ಪುಸ್ತಕ ಕಳಿಸುತ್ತಾನೆ. ಯಾರ ಕೈ ಮೇಲಾಗುತ್ತದೋ ಆ ಬಣ್ಣ ನೆರವಿಗೆ ಹತ್ತುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಗೋಧಿಯ ಲೆಕ್ಕ

ಮುಂದಿನದು ವರ್ತಕ ಬಂಧುಗಳು ಕಿವಿಗೊಡಬೇಕಾದ ಲೆಕ್ಕ. 1954ರ ಜುಲೈ 10ರಂದು ಅಮೆರಿಕದಲ್ಲಿ ಸಾರ್ವಜನಿಕ ಕಾನೂನು 480 ಜಾರಿಗೆ ಬಂದಿತು. ಜನರ ಬಾಯಲ್ಲಿ ಅದೇ ಪಿ.ಎಲ್. 480. ಅಲ್ಲಿನ ರೈತನ ಕಣಜ ತುಂಬಿ ತುಳುಕುತ್ತಿತ್ತು. ಬೆಲೆ ಬೀಳದಂತೆ ಸರ್ಕಾರವೇ ಕೊಂಡು ರಾಶಿ ಹಾಕಿತ್ತು. ಆ ರಾಶಿ ಕರಗಿಸಲು ಮಾಡಿದ ಉಪಾಯ ಇದು. 1956ರ ಆಗಸ್ಟಿನಲ್ಲಿ ಭಾರತದೊಡನೆ ಮೊದಲ ಒಪ್ಪಂದವಾಯಿತು. 1960ರ ಮೇ 4ರಂದು ಅಧ್ಯಕ್ಷ ಐಸೆನ್‌ಹೋವರ್ ಮತ್ತು ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲರು ಸಹಿ ಮಾಡಿದ ನಾಲ್ಕು ವರ್ಷದ ಒಪ್ಪಂದದಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ ಸೇರಿದ್ದವು.

ಈ ಧಾನ್ಯಕ್ಕೆ ನಾವು ಡಾಲರು ಕೊಡಬೇಕಾಗಿರಲಿಲ್ಲ, ರೂಪಾಯಿ ಕೊಟ್ಟರೆ ಸಾಕಾಗಿತ್ತು. ಆ ರೂಪಾಯಿ ಭಾರತದಲ್ಲೇ ಅಮೆರಿಕದ ಖಾತೆಯಲ್ಲಿ ಜಮೆಯಾಗುತ್ತಿತ್ತು. ಅದರ ಹೆಚ್ಚಿನ ಭಾಗ ನಮ್ಮ ಯೋಜನೆಗಳಿಗೇ ಸಾಲವಾಗಿ ಮರಳುತ್ತಿತ್ತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕಾನೂನಿನ ಕೆಳಗಿನ ಸಾಲುಗಳನ್ನು ಓದಬೇಕು. 1954ರಲ್ಲೇ ಆದ ಇನ್ನೊಂದು ಶಾಸನದಂತೆ ಇಂಥ ಸರಕಿನಲ್ಲಿ ಅರ್ಧದಷ್ಟಾದರೂ ಅಮೆರಿಕದ ಹಡಗುಗಳಲ್ಲೇ ಬರಬೇಕು. ಅಲ್ಲಿನ ಹಡಗು ಮಾಲೀಕರಿಗೂ ನಾವಿಕರಿಗೂ ಅದು ಅನ್ನ. 1957ರಲ್ಲಿ ಹೆರಾಲ್ಡ್ ಕೂಲಿ ಎಂಬ ಶಾಸಕರ ಹೆಸರಿನ ತಿದ್ದುಪಡಿ ಬಂದಿತು. ಖಾತೆಯ ರೂಪಾಯಿಯಲ್ಲಿ ನೂರಕ್ಕೆ 25ರವರೆಗೆ ಅಮೆರಿಕದ ಖಾಸಗಿ ಕಂಪನಿಗಳಿಗೆ, ಅವು ಇಲ್ಲಿ ವ್ಯವಹಾರ ನಡೆಸಲು, ಸಾಲ ಕೊಡಬಹುದೆಂದು ಅದು ಹೇಳಿತು. ಎಂದರೆ, ನ್ಯಾಯಬೆಲೆ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತ ಕೂಲಿಯವನು ಎಣಿಸಿ ಕೊಟ್ಟ ಕಾಸಿನಿಂದ ಒಂದು ಪಾಲು ಸಾಗರದಾಚೆಯ ಕಂಪನಿಯ ಇಲ್ಲಿನ ಶಾಖೆಗೆ ಬಂಡವಾಳವಾಗಬಹುದಿತ್ತು. ನಮ್ಮ ಊರಿನ ಸಣ್ಣ ವರ್ತಕ ಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಸವೆಸುತ್ತಿದ್ದ ಕಾಲ ಅದು.

ಇದರಲ್ಲಿ ಮೋಸವೇನೂ ಇರಲಿಲ್ಲ. ಎಲ್ಲವೂ ಮುದ್ರಿತ ಕಾನೂನು. ಕೂಲಿಯವರು ತಮ್ಮ ಮತದಾರರ ಕೆಲಸ ಮಾಡಿದರು. ನಾವು ಕೇಳುವುದು ಇಷ್ಟೆ: ಆ ಸಾಲುಗಳನ್ನು ನಮ್ಮ ಶಾಸಕರಲ್ಲಿ ಎಷ್ಟು ಜನ ಓದಿದರು?

ಅದೇ ಕಾನೂನಿನ ಇನ್ನೊಂದು ಅಧ್ಯಾಯ ದಾನದ್ದು. ಕೇರ್ ಸಂಸ್ಥೆಯ ಮೂಲಕ ನಮ್ಮ ಶಾಲೆಗಳಿಗೆ ಬಂದ ಹಾಲಿನ ಪುಡಿ, ಗೋಧಿ, ಮೆಕ್ಕೆಜೋಳದ ಹಿಟ್ಟು ಆ ಬಾಬಿನವು. ಆ ಉಪ್ಪಿಟ್ಟಿನ ವಾಸನೆಗೇ ಶಾಲೆಗೆ ಓಡಿದ ಮಕ್ಕಳೆಷ್ಟೋ. ಹಸಿದ ಮಗುವಿನ ಬಾಯಿಗೆ ಬಿದ್ದ ತುತ್ತನ್ನು ನಾವು ಹೀನಾಯ ಮಾಡುವುದಿಲ್ಲ. ಹೊಲದಲ್ಲಿ ಹಬ್ಬಿದ ಕಾಂಗ್ರೆಸ್ ಗಿಡವೂ ಅದೇ ಗೋಧಿಯೊಡನೆ ಬಂದಿತೆಂದು ನಮ್ಮ ರೈತರು ಹೇಳುವುದುಂಟು. ತಜ್ಞರಲ್ಲಿ ಎಲ್ಲರೂ ಅದನ್ನು ಒಪ್ಪುವುದಿಲ್ಲ. ಬೀಜ ಬಂದ ದಾರಿ ಯಾವುದೇ ಇರಲಿ, ಹಂಗು ಬಂದ ದಾರಿಯಂತೂ ನಮಗೆ ಗೊತ್ತು. 1965 ಮತ್ತು 1966ರಲ್ಲಿ ಎರಡು ವರ್ಷ ಒಂದರ ಮೇಲೊಂದು ಬರ ಬಿದ್ದಾಗ ಅಧ್ಯಕ್ಷ ಜಾನ್ಸನ್ ಧಾನ್ಯದ ಹಗ್ಗವನ್ನು ಗಿಡ್ಡವಾಗಿ ಹಿಡಿದರು. ವರ್ಷದ ಒಪ್ಪಂದ ಹೋಗಿ ಒಂದೆರಡು ತಿಂಗಳಿಗಾಗುವಷ್ಟು ಮಾತ್ರ ಮಂಜೂರು. ವಿಯಟ್ನಾಮಿನ ಬಗ್ಗೆ ನಾವು ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ನಮ್ಮ ಕೃಷಿ ನೀತಿ ಬದಲಾಗಲೆಂಬ ಒತ್ತಾಯವೂ ಇತ್ತು. ಹಡಗು ಬಂದರೆ ಗಂಜಿ, ಬಾರದಿದ್ದರೆ ಉಪವಾಸ ಎಂಬ ಸ್ಥಿತಿ. 1966ರ ಜೂನ್ 6ರಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದುದು 7 ರೂಪಾಯಿ 50 ಪೈಸೆ ಆಯಿತು. ನೆರವು ಕೊಡುವವರ ಒತ್ತಾಯ ಅದಕ್ಕೊಂದು ದೊಡ್ಡ ಕಾರಣ. ಅಂಗಡಿಯವರಿಗೆ ಅದರ ಬಿಸಿ ಏನೆಂದು ನಾವು ಹೇಳಬೇಕಾಗಿಲ್ಲ.

ಕೊನೆಗೆ 1974ರ ಫೆಬ್ರುವರಿ 18ರಂದು, ಕೂಡಿಬಿದ್ದಿದ್ದ ರೂಪಾಯಿ ಖಾತೆಯ ಬಹುಪಾಲನ್ನು ಬಿಟ್ಟುಕೊಟ್ಟು ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದು ಚೆಕ್ಕು ಬರೆದುಕೊಟ್ಟರು. ಅಷ್ಟು ದೊಡ್ಡ ಚೆಕ್ಕನ್ನು ಜಗತ್ತು ಅಂದಿನವರೆಗೆ ಕಂಡಿರಲಿಲ್ಲ. ಸಾಲ ಹೋಯಿತು. ಹಗ್ಗದ ಗುರುತು ಮಾತ್ರ ಕೊರಳಲ್ಲಿ ಉಳಿಯಿತು. ಆಹಾರದಲ್ಲಿ ಸ್ವಾವಲಂಬನೆಯಾಗಲೇಬೇಕೆಂಬ ಹಟ ಹುಟ್ಟಿದ್ದು ಆ ಗುರುತಿನಿಂದಲೇ.

ಉಕ್ಕಿನ ಕಥೆ

ಭದ್ರಾವತಿಯ ಗೆಳೆಯರಿಗಾಗಿ ಈಗ ಉಕ್ಕಿನ ಕಥೆ. ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉಕ್ಕಿನ ಕಾರ್ಖಾನೆಗಳು ಹೊರನಾಡಿನ ಸಹಾಯದಿಂದ ಎದ್ದವು. ಭಿಲಾಯಿಗೆ ಸೋವಿಯತ್ ದೇಶ, ರೂರ್ಕೇಲಕ್ಕೆ ಪಶ್ಚಿಮ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್. ನಾಲ್ಕನೆಯದಾದ ಬೊಕಾರೊಗೆ ಅಮೆರಿಕದ ನೆರವನ್ನು ಕೇಳಲಾಯಿತು. ಅಧ್ಯಕ್ಷ ಕೆನಡಿಗೆ ಮನಸ್ಸಿತ್ತು. ಸೆನೆಟರಾಗಿದ್ದಾಗಲೇ, 1958ರಲ್ಲಿ, ಭಾರತಕ್ಕೆ ಹೆಚ್ಚಿನ ನೆರವಿನ ಠರಾವನ್ನು ಸೆನೆಟರ್ ಕೂಪರರ ಜೊತೆ ಮಂಡಿಸಿದವರು ಅವರು. ಆದರೆ 1963ರ ಮಾರ್ಚಿನಲ್ಲಿ ಜನರಲ್ ಕ್ಲೇ ಸಮಿತಿ ತನ್ನ ವರದಿ ಕೊಟ್ಟಿತು. ಖಾಸಗಿಯವರಿಗೆ ಪೈಪೋಟಿ ಕೊಡುವ ಸರ್ಕಾರಿ ಕಾರ್ಖಾನೆಗಳಿಗೆ ನಮ್ಮ ಹಣ ಬೇಡ ಎಂಬುದು ಅದರ ಅಭಿಪ್ರಾಯ. ಅದೇ ಆಗಸ್ಟಿನಲ್ಲಿ ಅಮೆರಿಕದ ಕೆಳಮನೆ ಒಂದು ತಿದ್ದುಪಡಿ ಒಪ್ಪಿತು: 10 ಕೋಟಿ ಡಾಲರನ್ನು ಮೀರುವ ಯಾವ ಉದ್ಯಮಕ್ಕೂ ಕಾಂಗ್ರೆಸ್ಸಿನ ಪ್ರತ್ಯೇಕ ಅನುಮತಿಯಿಲ್ಲದೆ ನೆರವಿಲ್ಲ. ಗುರಿ ಬೊಕಾರೊ ಎಂಬುದು ಎಲ್ಲರಿಗೂ ತಿಳಿದಿತ್ತು. ನೆಹರೂ ತಮ್ಮ ಕೋರಿಕೆಯನ್ನು ಹಿಂದಕ್ಕೆ ಪಡೆದರು. 1965ರ ಜನವರಿಯಲ್ಲಿ ಸೋವಿಯತ್ ದೇಶದೊಡನೆ ಒಪ್ಪಂದವಾಯಿತು, ಬೊಕಾರೊ ಎದ್ದು ನಿಂತಿತು.

ನಮ್ಮ ಭದ್ರಾವತಿಯದು ಬೇರೆ ದಾರಿ. 1923ರಲ್ಲಿ ಕುಲುಮೆ ಹೊತ್ತಿದಾಗ ಅದರ ಹಿಂದೆ ಪರದೇಶದ ದಾನವಿರಲಿಲ್ಲ, ಮೈಸೂರು ಸಂಸ್ಥಾನದ ಬೊಕ್ಕಸವಿತ್ತು. ಹೊರನಾಡಿನ ತಜ್ಞರ ಬುದ್ಧಿಯನ್ನು ಸಂಬಳ ಕೊಟ್ಟು ಪಡೆದರು, ಹಂಗಿಗೆ ಬೀಳಲಿಲ್ಲ. ಬೊಕ್ಕಸ ತಿನ್ನುವ ಬಿಳಿಯಾನೆ ಎಂದು ಜನ ಆಡಿಕೊಂಡರು. ವಿಶ್ವೇಶ್ವರಯ್ಯನವರು ಅದಕ್ಕೆಲ್ಲ ಉತ್ತರ ಹೇಳಬೇಕಾಯಿತು. ಒಳ್ಳೆಯದೇ ಆಯಿತು. ತನ್ನ ಹಣದ ಲೆಕ್ಕವನ್ನು ತನ್ನ ಜನರ ಮುಂದೆ ಒಪ್ಪಿಸಬೇಕಾದ ಕಾರ್ಖಾನೆ ಅದು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು, ಇದು ನಮ್ಮದು ಎಂದು ಹೇಳಿದ್ದು ಆ ಹಳೆಯ ಸಂಬಂಧದ ಬಲದಿಂದಲೇ.

ಇನ್ನೊಂದು ಸಂಗತಿ. ಅಮೆರಿಕದ ಶಾಸಕರು ಬೊಕಾರೊದ ಮೇಲೆ ವಾದಿಸುತ್ತಿದ್ದ ಅದೇ 1963ರ ಆಗಸ್ಟಿನಲ್ಲಿ ನಮ್ಮ ಲೋಕಸಭೆಯಲ್ಲಿ ಮೊದಲ ಅವಿಶ್ವಾಸ ಗೊತ್ತುವಳಿಯ ಚರ್ಚೆ ನಡೆದಿತ್ತು. ಆ ವರ್ಷವೇ ಗೆದ್ದು ಬಂದಿದ್ದ ರಾಮಮನೋಹರ ಲೋಹಿಯಾ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಒಡ್ಡಿದರು. ಸರ್ಕಾರ ಅಲ್ಲಗಳೆಯಿತು, ಬೇರೆ ಅಂಕಿ ಕೊಟ್ಟಿತು, ದೇಶವೆಲ್ಲ ಆ ಲೆಕ್ಕದ ಮೇಲೆ ಮಾತಾಡಿತು. ಒಂದೇ ತಿಂಗಳಲ್ಲಿ ಎರಡು ಸಭೆಗಳು ಭಾರತದ ಬಡತನದ ಮೇಲೆ ಮಾತಾಡಿದವು. ಒಂದು ಸಭೆ, ಇವರಿಗೆ ನಾವೆಷ್ಟು ಕೊಡಬೇಕು ಎಂದಿತು. ಇನ್ನೊಂದು ಸಭೆಯಲ್ಲಿ ಒಬ್ಬ ಸದಸ್ಯ, ನಮ್ಮವನ ಪಾಲಿಗೆ ನಿಜವಾಗಿ ಎಷ್ಟು ಬರುತ್ತಿದೆ ಎಂದು ಕೇಳಿದ. ಎರಡನೆಯ ಪ್ರಶ್ನೆ ಇಲ್ಲದೆ ಮೊದಲನೆಯದಕ್ಕೆ ಅರ್ಥವಿಲ್ಲ.

ಒಳ್ಳೆಯ ಕೈಗಳೂ ಇದ್ದವು

ಆ ದೇಶದ ಶಾಸಕರೆಲ್ಲ ಕಂಪನಿಗಳ ವಕೀಲರೆಂದು ತಿಳಿದರೆ ಅನ್ಯಾಯವಾಗುತ್ತದೆ. 1966ರಲ್ಲಿ ಡೊನಾಲ್ಡ್ ಫ್ರೇಸರ್ ಮುಂತಾದ ಕೆಲವು ಸದಸ್ಯರ ಪ್ರಯತ್ನದಿಂದ ನೆರವಿನ ಕಾನೂನಿಗೆ ಒಂಬತ್ತನೆಯ ಅಧ್ಯಾಯ ಸೇರಿತು. ಅಭಿವೃದ್ಧಿಯ ಕೆಲಸದಲ್ಲಿ ಆಯಾ ದೇಶದ ಜನಸಾಮಾನ್ಯರೇ ಹೆಚ್ಚು ಹೆಚ್ಚು ಪಾಲುಗೊಳ್ಳಬೇಕು, ಅದಕ್ಕಾಗಿ ಸ್ಥಳೀಯ ಪ್ರಜಾಸಂಸ್ಥೆಗಳನ್ನು ಬೆಳೆಸಬೇಕು ಎಂಬುದು ಅದರ ತಿರುಳು. 1971ರಲ್ಲಿ ಪೂರ್ವ ಬಂಗಾಳದಲ್ಲಿ ರಕ್ತ ಹರಿಯುತ್ತಿದ್ದಾಗ ಅಧ್ಯಕ್ಷ ನಿಕ್ಸನ್ ಪಾಕಿಸ್ತಾನದ ಸೇನಾಡಳಿತದ ಬೆನ್ನಿಗೆ ನಿಂತಿದ್ದರು. ಆಗ ಫ್ರಾಂಕ್ ಚರ್ಚ್, ವಿಲಿಯಂ ಸ್ಯಾಕ್ಸ್‌ಬಿ ಎಂಬ ಇಬ್ಬರು ಸೆನೆಟರು, ಒಬ್ಬರು ಆಳುವ ಪಕ್ಷದವರು, ಒಬ್ಬರು ಎದುರು ಪಕ್ಷದವರು, ಸೇರಿ ಪಾಕಿಸ್ತಾನಕ್ಕೆ ನೆರವು ನಿಲ್ಲಿಸುವ ತಿದ್ದುಪಡಿ ತಂದರು. ತಮ್ಮ ಅಧ್ಯಕ್ಷರನ್ನೇ ಸಭೆಯಲ್ಲಿ ತಡೆದು ನಿಲ್ಲಿಸುವ ಎದೆಗಾರಿಕೆ ಅದು. 1975ರಲ್ಲಿ ಟಾಮ್ ಹಾರ್ಕಿನ್ ತಂದ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ತನ್ನ ಜನರನ್ನೇ ಚಿತ್ರಹಿಂಸೆಗೂ ವಿಚಾರಣೆಯಿಲ್ಲದ ಸೆರೆಗೂ ಗುರಿಮಾಡುವ ಸರ್ಕಾರಕ್ಕೆ ಆರ್ಥಿಕ ನೆರವಿಲ್ಲ. ಆ ನೆರವು ನೇರವಾಗಿ ಬಡವರಿಗೆ ಮುಟ್ಟುವಂತಿದ್ದರೆ ಮಾತ್ರ ಇರಲಿ ಎಂದಿತು.

ಈ ಕಾನೂನುಗಳು ಎಲ್ಲ ಕಡೆಗೂ ಒಂದೇ ತಕ್ಕಡಿಯಲ್ಲಿ ತೂಗಿದವೇ? ಇಲ್ಲ. ಬೇಕಾದ ಸರ್ವಾಧಿಕಾರಿಗೆ ಒಂದು ತೂಕ, ಬೇಡದವನಿಗೆ ಒಂದು ತೂಕ ಎಂಬುದು ಅನೇಕ ಸಲ ನಡೆಯಿತು. ಪ್ರಜಾಪ್ರಭುತ್ವವನ್ನು ಹೊರನಾಡಿಗೆ ಹಂಚುತ್ತಿದ್ದ ಆ ದೇಶದಲ್ಲೇ, 1964ರ ಮೇ ತಿಂಗಳಲ್ಲಿ, ಮಿಸಿಸಿಪ್ಪಿಯ ಜಾಕ್ಸನ್ ಎಂಬ ಊರಿನ ಉಪಾಹಾರಗೃಹಕ್ಕೆ ಹೋದ ಲೋಹಿಯಾರನ್ನು ಅವರ ಮೈಬಣ್ಣದ ಕಾರಣಕ್ಕೆ ಒಳಗೆ ಬಿಡಲಿಲ್ಲ, ಪೋಲೀಸರು ಹಿಡಿದರು. ಅಲ್ಲಿನ ಸರ್ಕಾರ ಆಮೇಲೆ ಕ್ಷಮೆ ಕೇಳಿತು. ಆದರೆ ಅದೇ ಜುಲೈಯಲ್ಲಿ ಅದೇ ಕಾಂಗ್ರೆಸ್ಸು ಒಪ್ಪಿದ ನಾಗರಿಕ ಹಕ್ಕುಗಳ ಕಾನೂನು ಜಾರಿಗೆ ಬಂದಿತು. ಅಂಥ ಬಾಗಿಲುಗಳು ತೆರೆಯಬೇಕಾಯಿತು. ಅದನ್ನು ಯಾವ ಹೊರದೇಶವೂ ಅವರಿಗೆ ದಾನ ಮಾಡಲಿಲ್ಲ. ಅಲ್ಲಿನ ಕಪ್ಪು ಜನ ಬೀದಿಯಲ್ಲಿ ಏಟು ತಿಂದು ತಮ್ಮ ಸಭೆಯಿಂದ ಅದನ್ನು ಪಡೆದರು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದೂ, ಆ ಹೋರಾಟದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದದ್ದೂ ಇದೇ ದಾರಿ. ಬೀದಿಯಿಂದ ಸಭೆಗೆ ಹೋಗುವ ಈ ದಾರಿಯನ್ನು ಯಾವ ದೇಶವೂ ಇನ್ನೊಂದು ದೇಶಕ್ಕೆ ಹಾಕಿಕೊಡಲಾರದು.

ನವುಲೆ ಹೇಳುವ ಪಾಠ, ಶರಾವತಿ ಹೇಳುವ ಪಾಠ

ಹಾಗಾದರೆ ಹೊರನಾಡಿನ ನೆರವಿನಿಂದ ನಿಂತದ್ದೇನೂ ಇಲ್ಲವೇ? ಇದೆ. ಅಮೆರಿಕದ ಕಾಂಗ್ರೆಸ್ಸು 1862ರಲ್ಲಿ ಮಾರಿಲ್ ಎಂಬ ಸದಸ್ಯರ ಕಾನೂನಿನಿಂದ ಪ್ರತಿ ರಾಜ್ಯಕ್ಕೂ ಜಮೀನು ಕೊಟ್ಟು, ರೈತರ ಮತ್ತು ಕಸುಬುದಾರರ ಮಕ್ಕಳಿಗಾಗಿ ಕಾಲೇಜು ಕಟ್ಟಲು ದಾರಿ ಮಾಡಿತು. ಆ ಮಾದರಿಯನ್ನು ನಾವು ಇಲ್ಲಿಗೆ ತಂದೆವು. ಮೈಸೂರು ಶಾಸನಸಭೆ 1963ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಕಾನೂನು ಮಾಡಿತು. 1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಜಾಕೀರ್ ಹುಸೇನರು ಬೆಂಗಳೂರಿನಲ್ಲಿ ಅದನ್ನು ಉದ್ಘಾಟಿಸಿದರು. ಅಮೆರಿಕದ ನೆರವಿನ ಇಲಾಖೆಯ ಹಣದಿಂದ ಟೆನೆಸ್ಸೀ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಬಂದರು, ನಮ್ಮವರು ಅಲ್ಲಿಗೆ ಹೋಗಿ ಕಲಿತು ಬಂದರು. ಕೆಲವು ವರ್ಷಗಳಲ್ಲಿ ಅವರು ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಹೊರಟರು. ವಿಶ್ವವಿದ್ಯಾನಿಲಯ ಉಳಿಯಿತು, ಬೆಳೆಯಿತು. ಅದರ ಕೊಂಬೆಯಾಗಿ ನಮ್ಮ ನವುಲೆಯ ಕಾಲೇಜು ಚಿಗುರಿತು. 2012ರಲ್ಲಿ ಶಿವಮೊಗ್ಗಕ್ಕೇ ಒಂದು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯ ಬಂದಿತು, ಇಂದು ಅದಕ್ಕೆ ಕೆಳದಿ ಶಿವಪ್ಪನಾಯಕನ ಹೆಸರಿದೆ.

ಇದು ಏಕೆ ನಿಂತಿತು? ಹಣ ಅವರದಾದರೂ ಕಾನೂನು ನಮ್ಮದಾಗಿತ್ತು. ನಮ್ಮ ಸಭೆ ಕೂತು ಮಾಡಿದ ಕಟ್ಟಳೆ, ನಮ್ಮ ಬಜೆಟ್ಟಿನಲ್ಲಿ ವರ್ಷ ವರ್ಷ ಒದಗಿಸಿದ ಹಣ, ನಮ್ಮ ಮಕ್ಕಳೇ ಮೇಷ್ಟರಾದ ಶಾಲೆ. ನೆರವು ಊರುಗೋಲಾಗಿ ಬಂದು, ಕಾಲು ಬಲಿತ ಮೇಲೆ ಪಕ್ಕಕ್ಕೆ ಸರಿಯಿತು.

ಶರಾವತಿಯ ಪಾಠ ಬೇರೆ. ಆ ಯೋಜನೆಗೆ ಬೇಕಾದ ವಿದೇಶಿ ವಿನಿಮಯದ ಒಂದು ಪಾಲು ಅಮೆರಿಕದ ಸಾಲದಿಂದ ಬಂದಿತು. ಲಿಂಗನಮಕ್ಕಿಯ ಕಟ್ಟೆ 1964ರಲ್ಲಿ ಮುಗಿಯಿತು. ಹತ್ತು ಯಂತ್ರಗಳಿಂದ 891 ಮೆಗಾವ್ಯಾಟ್ ಶಕ್ತಿ ಹುಟ್ಟಿತು. ಬೆಂಗಳೂರಿನ ಕಾರ್ಖಾನೆಗಳು ತಿರುಗಿದವು, ನಮ್ಮವೂ ತಿರುಗಿದವು. ಆದರೆ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನರನ್ನು ಲಾರಿಗಳಲ್ಲಿ ತಂದು ಕಾಡಿನ ನಡುವೆ ಇಳಿಸಿದ ಕಥೆ ನಿಮಗೆ ಗೊತ್ತು. ಈ ಸಭೆಯಲ್ಲೇ ಆ ಮನೆತನಗಳವರಿರಬಹುದು. ಅವರ ಭೂಮಿಯ ಹಕ್ಕುಪತ್ರದ ಹೋರಾಟ 2020ರ ದಶಕದಲ್ಲೂ ಶಿವಮೊಗ್ಗದ ಬೀದಿಗಳಲ್ಲಿ ನಡೆಯಿತು. ಸಾಲ ಕೊಟ್ಟವರು ಯಂತ್ರದ ಬೆಲೆ ಕೇಳಿದರು, ವಿದ್ಯುತ್ತಿನ ದರ ಕೇಳಿದರು. ಮುಳುಗುವ ಮನೆಗೆ ಬದಲು ಮನೆ ಎಲ್ಲಿ, ಅದರ ಕಾಗದ ಯಾರ ಕೈಯಲ್ಲಿ ಎಂದು ಕೇಳಬೇಕಾದ ಸಭೆ ಅವರದಲ್ಲ, ನಮ್ಮದು. ನಮ್ಮ ಸಭೆ ಆ ಪ್ರಶ್ನೆಯನ್ನು ಉತ್ತರ ಸಿಗುವವರೆಗೆ ಬಿಡದೆ ಕೇಳಿದ್ದರೆ ಮೂರು ತಲೆಮಾರು ಅರ್ಜಿ ಬರೆಯುತ್ತ ಕೂರಬೇಕಾಗಿರಲಿಲ್ಲ.

ಹಗ್ಗ ಹಿಡಿದವರ ಮನೆಯಲ್ಲೇ

2025ರಲ್ಲಿ ಏನಾಯಿತೆಂದು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. 1961ರ ಕಾನೂನಿನ ನೆರಳಲ್ಲಿ ಹುಟ್ಟಿ ಅರವತ್ತು ವರ್ಷ ದಾಟಿದ ಅಮೆರಿಕದ ನೆರವಿನ ಸಂಸ್ಥೆಯನ್ನು ಹೊಸ ಅಧ್ಯಕ್ಷರು ಬಂದೊಡನೆ, ಜನವರಿ 20ರಂದೇ, ತಡೆಹಿಡಿದರು. ಜುಲೈ 1ಕ್ಕೆ ಅದರ ಕೆಲಸ ಮುಗಿದು ಉಳಿದದ್ದು ವಿದೇಶಾಂಗ ಇಲಾಖೆಗೆ ಸೇರಿತು. ಸಭೆ ಮಂಜೂರು ಮಾಡಿದ ಹಣವನ್ನು ಅಧ್ಯಕ್ಷರು ನಿಲ್ಲಿಸಿದರು; ಸಭೆ ತನ್ನ ಹಕ್ಕನ್ನು ಗಟ್ಟಿಯಾಗಿ ಹಿಡಿಯುವ ಬದಲು ಅದೇ ಜುಲೈಯಲ್ಲಿ ಸುಮಾರು 800 ಕೋಟಿ ಡಾಲರಿನ ನೆರವನ್ನು ತಾನೇ ರದ್ದುಮಾಡಿತು. ಬಡದೇಶಗಳ ಔಷಧಾಲಯಗಳು ಬಾಗಿಲು ಹಾಕಿದವು. ಸೊಂಟದ ಬೀಗದ ಕೈಯನ್ನು ಶಾಸಕರೇ ಬಿಚ್ಚಿಕೊಟ್ಟರೆ ಯಾರು ಏನು ಮಾಡಿಯಾರು?

ಅದೇ ಫೆಬ್ರುವರಿಯಲ್ಲಿ ಇಲ್ಲೊಂದು ಗುಲ್ಲೆದ್ದಿತು. ಭಾರತದ ಮತದಾರರನ್ನು ಮತಗಟ್ಟೆಗೆ ತರಲು 2 ಕೋಟಿ 10 ಲಕ್ಷ ಡಾಲರು ಬಂದಿತ್ತೆಂಬ ಮಾತು. ಪಕ್ಷಗಳು ಒಂದರ ಮೇಲೊಂದು ಕೆಸರೆರಚಿದವು. ಆಮೇಲೆ ರಾಜ್ಯಸಭೆಯಲ್ಲಿ ಒಂದು ಪ್ರಶ್ನೆ ಬಂದಿತು. ಅಂಥ ಹಣವನ್ನು ತಾವು ಭಾರತದಲ್ಲಿ ಪಡೆದೂ ಇಲ್ಲ, ಕೊಟ್ಟೂ ಇಲ್ಲವೆಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದ್ದನ್ನು ಸರ್ಕಾರ ಸಭೆಯ ಮುಂದಿಟ್ಟಿತು. ತಿಂಗಳುಗಟ್ಟಲೆ ಕೂಗಾಡಿದರೂ ಆಗದ ಕೆಲಸವನ್ನು ಸಭೆಯ ಒಂದು ಪ್ರಶ್ನೆ ಮಾಡಿತು.

ಈಗ ನಾವೂ ಕೊಡುವವರು

ಕೊನೆಯ ಮಾತಿಗೆ ಬಂದೆವು. ಇದು ಎಲ್ಲಕ್ಕಿಂತ ಮುಖ್ಯ. ಇಂದು ಭಾರತ ಬರೇ ಪಡೆಯುವ ದೇಶವಲ್ಲ, ಕೊಡುವ ದೇಶ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಭೂತಾನ ಒಂದಕ್ಕೇ 2,150 ಕೋಟಿ ರೂಪಾಯಿ ತೆಗೆದಿಟ್ಟಿದ್ದರು. ನೇಪಾಳ, ಮಾಲ್ಡೀವ್ಸ್, ಆಫ್ರಿಕದ ದೇಶಗಳಿಗೂ ಪಾಲಿತ್ತು. 2022ರಲ್ಲಿ ಶ್ರೀಲಂಕಾ ದಿವಾಳಿಯೆದ್ದಾಗ ಸುಮಾರು 400 ಕೋಟಿ ಡಾಲರಿನಷ್ಟು ಆಸರೆಯನ್ನು, ಬಹುಪಾಲು ಸಾಲದ ರೂಪದಲ್ಲಿ, ಕೊಟ್ಟೆವು. 2005ರಲ್ಲಿ ವಿಶ್ವಸಂಸ್ಥೆಯ ಪ್ರಜಾಪ್ರಭುತ್ವ ನಿಧಿ ಹುಟ್ಟಿದಾಗ ಒಂದು ಕೋಟಿ ಡಾಲರು ಹಾಕಿದೆವು. ಕಾಬೂಲಿನಲ್ಲಿ ಆಫ್ಘನ್ ಜನರಿಗಾಗಿ ಸಂಸತ್ ಭವನವನ್ನೇ ಕಟ್ಟಿಸಿಕೊಟ್ಟೆವು. 2015ರ ಡಿಸೆಂಬರ್ 25ರಂದು ನಮ್ಮ ಪ್ರಧಾನಿ ಅದನ್ನು ಉದ್ಘಾಟಿಸಿದರು. 2021ರ ಆಗಸ್ಟಿನಲ್ಲಿ ತಾಲಿಬಾನ್ ನಗರವನ್ನು ಹಿಡಿಯಿತು, ಚುನಾಯಿತ ಸಭೆ ಇಲ್ಲವಾಯಿತು. ಗೋಡೆ ಉಳಿಯಿತು, ಸಭೆ ಉಳಿಯಲಿಲ್ಲ. ಕಟ್ಟಡವನ್ನು ದಾನ ಕೊಡಬಹುದು, ಅದರೊಳಗೆ ಕೂರುವ ಧೈರ್ಯವನ್ನು ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಹಣವೆಲ್ಲ ಯಾರದು? ಬೆಂಕಿಪೊಟ್ಟಣದಿಂದ ಹಿಡಿದು ಸೈಕಲ್ಲಿನವರೆಗೆ ತೆರಿಗೆ ಕಟ್ಟುವ ನಮ್ಮ ನಿಮ್ಮದು. ಅದನ್ನು ಹೊರಗೆ ಕಳಿಸುವಾಗ ನಮ್ಮ ಲೋಕಸಭೆ ಎಷ್ಟು ಹೊತ್ತು ಮಾತಾಡುತ್ತದೆ? ನಮ್ಮ ಸಂವಿಧಾನದ ಏರ್ಪಾಟಿನಲ್ಲಿ ಹೊರದೇಶದೊಡನೆ ಒಪ್ಪಂದ ಮಾಡಲು ಸರ್ಕಾರಕ್ಕೆ ಸಂಸತ್ತಿನ ಮುಂಚಿನ ಒಪ್ಪಿಗೆ ಬೇಕಿಲ್ಲ. ಹಣದ ಬೇಡಿಕೆ ಮಾತ್ರ ಸಭೆಯ ಮುಂದೆ ಬರಬೇಕು. ಅದೂ ಎಷ್ಟೋ ವರ್ಷ ಉಳಿದ ಇಲಾಖೆಗಳ ಬೇಡಿಕೆಗಳೊಡನೆ ಕೊನೆಯ ದಿನ, ಚರ್ಚೆಯಿಲ್ಲದೆ, ಒಂದೇ ಉಸಿರಿನಲ್ಲಿ ಅಂಗೀಕಾರವಾಗುತ್ತದೆ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಅವು ವರದಿ ಬರೆಯುತ್ತವೆ. ಆ ವರದಿಯನ್ನು ಓದಿ ಸಭೆಯಲ್ಲಿ ಎದ್ದು ನಿಲ್ಲುವವರು ಬೇಕು.

ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಹಸಿವನ್ನು ಕಂಡವರು ಕೊಡಲೇಬೇಕು. ಆದರೆ ನಮಗೆ ಕೊಟ್ಟವರು ಮಾಡಿದ ತಪ್ಪನ್ನು ನಾವು ನೆರೆಯವರಿಗೆ ಮಾಡಬಾರದು. ಆದಕಾರಣ ನಮ್ಮ ಲೋಕಸಭಾ ಸದಸ್ಯರು ಮತ ಕೇಳಲು ಬಂದಾಗ ಮೂರು ಪ್ರಶ್ನೆ ಕೇಳೋಣ. ಈ ನೆರವನ್ನು ಅಲ್ಲಿನ ಜನರ ಚುನಾಯಿತ ಸಭೆ ಕೇಳಿತೋ, ಕುರ್ಚಿಯಲ್ಲಿ ಕೂತ ಒಬ್ಬ ಕೇಳಿದನೋ? ಈ ನೆರವಿನಿಂದ ಅಲ್ಲಿ ಯಾರ ನೆಲ ಮುಳುಗುತ್ತದೆ, ಅವನಿಗೆ ಕಾಗದ ಸಿಗುತ್ತದೋ ಇಲ್ಲವೋ? ನಾವು ಹೊರಟು ಬಂದ ಮೇಲೆ ಅದು ನವುಲೆಯ ಕಾಲೇಜಿನಂತೆ ನಿಲ್ಲುತ್ತದೋ, ಕಾಬೂಲಿನ ಭವನದಂತೆ ಬರಿದಾಗುತ್ತದೋ?

ಇದೇ ಮೂರು ಪ್ರಶ್ನೆಗಳನ್ನು ನಮ್ಮ ರಾಜ್ಯಕ್ಕೆ ಹೊರಗಿನ ಬ್ಯಾಂಕುಗಳಿಂದ ಬರುವ ಸಾಲದ ಬಗ್ಗೆ ವಿಧಾನಸಭೆಯ ಸದಸ್ಯರನ್ನೂ ಕೇಳೋಣ. ಕೊಡುವವರ ಸಭೆ ತನ್ನ ಪ್ರಶ್ನೆ ತಾನು ಕೇಳಿಯೇ ಕೇಳುತ್ತದೆ. ನಮ್ಮ ಸಭೆ ಬಾಯಿ ಮುಚ್ಚಿದರೆ ಅವರ ಪ್ರಶ್ನೆಗಳೇ ನಮ್ಮ ನೀತಿಯಾಗುತ್ತವೆ. ಅಂಗಡಿಯಲ್ಲಿ ಬಟ್ಟೆ ಅಳೆಯುವವರು ನೀವು, ಕಾರ್ಖಾನೆಯಲ್ಲಿ ಕಬ್ಬಿಣ ತೂಗುವವರು ನೀವು. ಮೊಳ ಹಾಕುವುದು ಹೇಗೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹಿತ್ತಲಿಗೆ ಹೋಗಬೇಡಿ. ಸಭೆಯ ನಡುವೆ, ಎಲ್ಲರೆದುರಿಗೆ ಮೊಳ ಹಾಕಿ.